ಶಾಂಪೂವಿನೊಳಗಿನ ಶಾವಿಗೆ

ತೆಳುವಾದ ಶಾಂಪೂ ದ್ರಾವಣಕ್ಕೆ ಸ್ವಲ್ಪ ಉಪ್ಪು ಬೆರೆಸಿದರೆ ಅದು ಮಂದವಾಗುತ್ತದೆ. “ಉಪ್ಪು ಕರಗಿಹೋಗುತ್ತದಲ್ಲ, ಮಂದವಾಗುವುದು ಹೇಗಪ್ಪಾ?” ಎಂದು ಯುಗಾದಿ ಊಟದ ಹೊತ್ತಿಗೆ ನಮ್ಮ ಸಂಘದ ಹಿರಿಯರೊಬ್ಬರು ಕೇಳಿದರು. ನನ್ನ ಸಂಶೋಧನೆಯೇ ಅದು. ಹಾಗಾಗಿ ಈ ಲೇಖನ.

ಮಾರ್ಜಕದ ಅಣುವಿಗೆ ನೀರಿಗೆ ಒಗ್ಗುವ ತಲೆ, ನೀರಿಗೆ ಒಗ್ಗದ ಬಾಲ ಇರುತ್ತವೆ. ನೀರಿನಲ್ಲಿ ಇವು ಬಾಲಗಳನ್ನು ಒಳಗಿಟ್ಟುಕೊಂಡು ಗುಂಪುಗೂಡುತ್ತವೆ. ಆ ಗುಂಪೇ ಮೈಸೆಲ್. ತಲೆಗಳಲ್ಲಿನ ವಿದ್ಯುದಾವೇಶ ಒಂದನ್ನೊಂದು ತಳ್ಳುವಾಗ ಮೈಸೆಲ್ ಗುಂಡಗಿರುತ್ತದೆ. ಉಪ್ಪಿನ ಅಯಾನುಗಳು ಈ ತಳ್ಳಾಟವನ್ನು ತಗ್ಗಿಸಿದಾಗ ತಲೆಗಳು ಹತ್ತಿರವಾಗಿ, ಮೈಸೆಲ್ ಶಾವಿಗೆಯ ಎಳೆಯಂತೆ ಉದ್ದವಾಗುತ್ತದೆ. ಎಳೆಗಳು ಸಿಕ್ಕಾದಾಗ ದ್ರಾವಣ ಮಂದವಾಗುತ್ತದೆ. ಉಪ್ಪು ಅತಿಯಾದರೆ ಮತ್ತೆ ತೆಳುವಾಗುವುದೂ ಉಂಟು.

ಎಳೆಯ ದಪ್ಪ ಸುಮಾರು 4–5 ನ್ಯಾನೊಮೀಟರ್. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣದು. ಆದ್ದರಿಂದ ಎಕ್ಸ್-ಕಿರಣ ಅಥವಾ ನ್ಯೂಟ್ರಾನ್‌ಗಳನ್ನು ಹಾಯಿಸಿ, ಅವು ಸಣ್ಣ ಕೋನಗಳಲ್ಲಿ ಹೇಗೆ ಚದುರುತ್ತವೆಂದು ಅಳೆಯುತ್ತೇವೆ. ಜರ್ಮನಿಯಲ್ಲಿ ಇದಕ್ಕೆ ಹ್ಯಾಂಬರ್ಗ್‌ನ ಡೆಸಿಯಲ್ಲಿ ಎಕ್ಸ್-ಕಿರಣವಿದೆ. ನ್ಯೂಟ್ರಾನ್‌ಗಳಿಗೆಂದು ಮ್ಯೂನಿಕ್ ಬಳಿಯ ಗಾರ್ಶಿಂಗ್‌ನಲ್ಲಿ 2004ರಲ್ಲಿ ಆರಂಭವಾದ ಎಫ್‌ಆರ್‌ಎಂ-2 ರಿಯಾಕ್ಟರ್ ಇದೆ. ಅದರ ಪಕ್ಕದಲ್ಲೇ ಇರುವ 1957ರ ಹಳೆಯ ರಿಯಾಕ್ಟರಿನ ಗುಮ್ಮಟಕ್ಕೆ ಜನ ‘ಅಣುಮೊಟ್ಟೆ’ ಎನ್ನುತ್ತಾರೆ. ಅದು ಊರಿನ ಲಾಂಛನದಲ್ಲೂ ಇದೆ.

ನ್ಯೂಟ್ರಾನಿನ ಕಣ್ಣಿಗೆ ಹೈಡ್ರೋಜನ್ ಮತ್ತು ಡ್ಯೂಟೀರಿಯಂ ತೀರಾ ಬೇರೆ. ಆದ್ದರಿಂದ ಮಾಮೂಲಿ ನೀರಿನ ಬದಲು ಭಾರಜಲ ಬಳಸಿದರೆ ಮೈಸೆಲ್ ಎದ್ದು ಕಾಣುತ್ತದೆ. ಕೋನ ಎರಡು ಪಟ್ಟಾದಾಗ ತೀವ್ರತೆ ಅರ್ಧಕ್ಕಿಳಿದರೆ ಅದು ಕಡ್ಡಿಯಾಕಾರದ ಗುರುತು. ಇನ್ನೂ ದೊಡ್ಡ ಕೋನದಲ್ಲಿ ಎಳೆಯ ದಪ್ಪ ತಿಳಿಯುತ್ತದೆ. ಪೂರ್ತಿ ಉದ್ದ ತಿಳಿಯಬೇಕಾದರೆ ಅತಿ ಚಿಕ್ಕ ಕೋನಕ್ಕೆ ಹೋಗಬೇಕು.

ನಾನು ಎಡವಿದ್ದು ಇಲ್ಲೇ. ಮೊದಲ ಪ್ರಯೋಗದಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ ಉದ್ದ 600 ನ್ಯಾನೊಮೀಟರ್ ಎಂದಿತು. ಪ್ರಬಂಧದ ಕರಡಿನಲ್ಲಿ ಬರೆದೆ, ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿಯೂ ಆಯಿತು. ಒಂದು ರಾತ್ರಿ ಸುಮ್ಮನೆ ಉದ್ದವನ್ನು 1200 ಎಂದು ಕೊಟ್ಟು ನೋಡಿದೆ. ಗೆರೆ ಅಷ್ಟೇ ಚೆನ್ನಾಗಿ ಕೂತಿತು! ನಾನು ಅಳೆದಿದ್ದ ಅತಿ ಚಿಕ್ಕ ಕೋನಕ್ಕೆ ಸುಮಾರು 100 ನ್ಯಾನೊಮೀಟರಿನಾಚೆ ಏನೂ ತಿಳಿಯುತ್ತಿರಲಿಲ್ಲ. ಮೇಲಾಗಿ ಈ ಎಳೆಗಳು ಸದಾ ತುಂಡಾಗಿ ಮತ್ತೆ ಕೂಡುತ್ತಿರುತ್ತವೆ. ಉದ್ದವೆಂದರೆ ಸರಾಸರಿ ಮಾತ್ರ.

ಬೆಳಿಗ್ಗೆ ಆ ಸಂಖ್ಯೆಯನ್ನು ಹೊಡೆದುಹಾಕಿ “ಕನಿಷ್ಠ 100” ಎಂದು ಬರೆದೆ. ಅಪ್ಪನಿಗೆ ಮತ್ತೆ ಫೋನ್ ಮಾಡಿದೆ. “ಸರಿ ಬಿಡು, ಕಂಡಷ್ಟೇ ಹೇಳು” ಎಂದರು.