ಹಳೆಯ ಫೋನು, ಹೊಸ ಫೋನು

2019ರಲ್ಲಿ ನಮ್ಮ ತಂದೆಯವರು ಕೊಬ್ಬರಿ ಮಾರಿ ಬಂದ ಹಣದಲ್ಲಿ 9,000 ರೂಪಾಯಿಗಳನ್ನು ಅಣ್ಣನ ಕೈಗೆ ಕೊಟ್ಟು ಮನೆಗೊಂದು ಸ್ಮಾರ್ಟ್‌ಫೋನನ್ನು ತರಿಸಿದರು. ಮರುವರ್ಷ ಪಾಠಗಳೆಲ್ಲ ಫೋನಿನಲ್ಲಿಯೇ ನಡೆಯತೊಡಗಿದಾಗ ಅದು ನನ್ನ ಪಾಲಿಗೆ ಬಂದಿತು. ಅಂದಿನಿಂದ 2025ರ ದೀಪಾವಳಿಯವರೆಗೆ ಅದನ್ನು ನಾನು ಬಿಟ್ಟಿರಲಿಲ್ಲ. ಕೊನೆಕೊನೆಗೆ ಅದು ಸದಾ ಚಾರ್ಜರಿನ ಮೇಲೆಯೇ ಮಲಗಿರುತ್ತಿದ್ದುದರಿಂದ, ಹಾಸ್ಟೆಲಿನ ಮಿತ್ರರು ಅದಕ್ಕೆ ‘ಭೀಷ್ಮಾಚಾರ್ಯ’ರೆಂದು ನಾಮಕರಣ ಮಾಡಿದ್ದರು.

ಫೋನು ಮುದಿಯಾಗುವುದೆಂದರೇನು? ಅದರಲ್ಲಿ ತಿರುಗುವ ಚಕ್ರವಿಲ್ಲ, ಸವೆಯುವ ಹಲ್ಲಿಲ್ಲ. ಕಲಾ ವಿದ್ಯಾರ್ಥಿಯಾದ ನಾನು ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ಅರಿಕೆಮಾಡುತ್ತೇನೆ. ವಿಜ್ಞಾನ ಬಲ್ಲವರು ತಪ್ಪಿದ್ದಲ್ಲಿ ತಿದ್ದಬೇಕು.

ಮೊದಲು ಮುದಿಯಾಗುವುದು ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿಯು 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದಕ್ಕೆ ಕಾರಣರಾದ ಗುಡ್‌ಎನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಗುಡ್‌ಎನಫ್ ಅವರಿಗೆ ಆಗ 97 ವರ್ಷ! ಇದರೊಳಗೆ ಲಿಥಿಯಮ್ಮಿನ ಕಣಗಳು ಒಂದು ಪದರದಿಂದ ಇನ್ನೊಂದಕ್ಕೆ ಹೋಗಿ ಬರುತ್ತಿರುತ್ತವೆ. ಪ್ರತಿ ಸಲವೂ ಕೆಲವು ಕಣಗಳು ಅಲ್ಲಿಯೇ ಅಂಟಿಕೊಂಡು ಹಿಂದಿರುಗುವುದಿಲ್ಲ. ಕ್ರಮೇಣ ಒಳಗೊಂದು ಪೊರೆ ಬೆಳೆದು ವಿದ್ಯುತ್ತಿನ ದಾರಿಗೆ ಅಡ್ಡವಾಗುತ್ತದೆ. ಸುಮಾರು 500 ಸಲ ಪೂರ್ತಿ ಚಾರ್ಜಾಗಿ ಇಳಿದ ಮೇಲೆ ನೂರಕ್ಕೆ 80ರಷ್ಟು ಶಕ್ತಿ ಉಳಿದರೆ ಅದು ಒಳ್ಳೆಯ ಬ್ಯಾಟರಿಯೆಂದು ಬಹುಕಾಲ ಎಣಿಸಿದ್ದರು. ದಿನಕ್ಕೊಮ್ಮೆಯಂತೆ ಲೆಕ್ಕ ಹಾಕಿದರೂ ನನ್ನದು 2,000 ಸಲ ದಾಟಿತ್ತು.

ನಮ್ಮ ತೋಟದ ಪಂಪ್‌ಸೆಟ್ಟಿನ ಕೊಳವೆಯೊಳಗೆ ಉಪ್ಪುನೀರಿನ ಕರೆ ಕಟ್ಟಿದಾಗ, ಬಾವಿಯಲ್ಲಿ ನೀರಿದ್ದರೂ ಮಡಿಗೆ ಬರುವುದಿಲ್ಲ. ಇದೂ ಹಾಗೆಯೇ. ಪರದೆಯ ಮೇಲೆ ನೂರಕ್ಕೆ 30 ಎಂದು ತೋರಿಸುತ್ತಿರುವಾಗಲೇ ಕ್ಯಾಮೆರಾ ತೆರೆದರೆ, ಒಮ್ಮೆಲೇ ಹೆಚ್ಚು ವಿದ್ಯುತ್ತು ಬೇಕಾಗಿ, ಅದು ಒದಗದೆ ಫೋನು ಆರಿಹೋಗುತ್ತಿತ್ತು. ಹೀಗೆ ಆರದಿರಲೆಂದು ಆಪಲ್ ಕಂಪನಿಯವರು ಬ್ಯಾಟರಿ ಹಳತಾದ ತಮ್ಮ ಫೋನುಗಳ ವೇಗವನ್ನೇ ತಗ್ಗಿಸಿದ್ದರು. 2017ರ ಡಿಸೆಂಬರಿನಲ್ಲಿ ಅದನ್ನು ಒಪ್ಪಿಕೊಂಡು, ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿದರು. ಬ್ಯಾಟರಿಯೊಂದನ್ನು ಬದಲಿಸಿದ್ದರೆ ಸಾಕಾಗಿದ್ದವರಲ್ಲಿ ಎಷ್ಟು ಜನ ಅದಕ್ಕೆ ಮೊದಲೇ ಹೊಸ ಫೋನು ಕೊಂಡಿದ್ದರೋ!

ಎರಡನೆಯ ಮುಪ್ಪಿಗೆ ಮಾತ್ರ ರಿಪೇರಿಯವನ ಬಳಿ ಮದ್ದಿಲ್ಲ. ಅದು ತಂತ್ರಾಂಶದ ಮುಪ್ಪು. ತಯಾರಿಸಿದ ಕಂಪನಿಯು ಹೊಸ ಆವೃತ್ತಿ ಕಳುಹಿಸುವುದನ್ನು ನಿಲ್ಲಿಸಿದ ಮೇಲೆ ಫೋನು ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಹೊರಗೆ ಮರ್ಯಾದೆ ಇಲ್ಲ. ನನ್ನ ವಿದ್ಯಾರ್ಥಿವೇತನ ಜಮೆಯಾಗುವ ಬ್ಯಾಂಕಿನ ಆ್ಯಪು ಒಂದು ದಿನ ‘ಈ ಫೋನಿನಲ್ಲಿ ನಡೆಯಲಾರೆ’ ಎಂದುಬಿಟ್ಟಿತು. ಈಚೆಗೆ ಗೂಗಲ್ 2023ರಲ್ಲಿಯೂ ಸ್ಯಾಮ್‌ಸಂಗ್ 2024ರಲ್ಲಿಯೂ ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷ ಆವೃತ್ತಿಗಳನ್ನು ಒದಗಿಸುವ ಮಾತು ಕೊಟ್ಟಿವೆ. ಒಂಬತ್ತು ಸಾವಿರದ ಫೋನಿಗೆ ಅಂಥ ಮಾತು ಯಾರೂ ಕೊಟ್ಟಿರಲಿಲ್ಲ.

ಆದಕಾರಣ ಹೊಸದು ಕೊಂಡೆ. ಅಂಗಡಿಯಾತ ಹಳೆಯದಕ್ಕೆ 700 ರೂಪಾಯಿ ಕೊಡುವೆನೆಂದನು. ಎರಡು ಫೋನುಗಳ ನಡುವೆ ತಂತಿ ಸಿಕ್ಕಿಸಿ ಅರ್ಧ ಗಂಟೆ ಕುಳಿತೆವು. ಹೆಸರುಗಳು ಬಂದವು, ಚಿತ್ರಗಳು ಬಂದವು, ವಾಟ್ಸ್ಆ್ಯಪಿನ ಹರಟೆಯೆಲ್ಲ ಬಂದಿತು. “ಎಲ್ಲಾ ಬಂದೈತೆ ತಮ್ಮಾ, ಹಳೇದನ್ನ ಅಳಿಸಿಬಿಡ್ಲಾ?” ಎಂದನು. “ಹೂಂ” ಎನ್ನುವುದರಲ್ಲಿದ್ದೆ.

ಆಗ ಅಜ್ಜಿಯ ಹಾಡುಗಳು ನೆನಪಿಗೆ ಬಂದವು. 2022ರ ಬೇಸಿಗೆಯಲ್ಲಿ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ಬೀಸುವ ಪದ, ಸೋಬಾನೆ ಪದ ಎಂದು 11 ಹಾಡುಗಳನ್ನು ಆ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ಅಜ್ಜಿ 2024ರಲ್ಲಿ ತೀರಿಕೊಂಡರು. ಹೊಸ ಫೋನಿನಲ್ಲಿ ಆ ಧ್ವನಿಮುದ್ರಣದ ಆ್ಯಪು ಬಂದಿತ್ತು. ತೆರೆದರೆ ಒಳಗೆ ಏನೂ ಇರಲಿಲ್ಲ.

ಕಾರಣವನ್ನು ಆಮೇಲೆ ತಿಳಿದೆ. ಚಿತ್ರಗಳು ಎಲ್ಲ ಆ್ಯಪುಗಳಿಗೂ ಕಾಣುವ ಪಡಸಾಲೆಯಲ್ಲಿರುತ್ತವೆ. ಕೆಲವು ಆ್ಯಪುಗಳು ಮಾತ್ರ ತಮ್ಮ ಸೊತ್ತನ್ನು ತಮ್ಮದೇ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುತ್ತವೆ. ವರ್ಗಾವಣೆ ಮಾಡುವಾಗ ಆ ಕೋಣೆಯನ್ನು ಎಲ್ಲ ಸಲವೂ ತೆರೆಯಲಾಗುವುದಿಲ್ಲ. ಆ್ಯಪನ್ನು ತೆಗೆದುಹಾಕಿದರೆ ಕೋಣೆಯೂ ಹೋಗುತ್ತದೆ. ಇಡೀ ಫೋನನ್ನು ಅಳಿಸಿದೆವೆನ್ನಿ, ಆಗ ಹುಡುಕುವ ಮಾತೇ ಇಲ್ಲ. ಈಚಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ಅಳಿಸುವುದೆಂದರೆ ಅದರ ಬೀಗದ ಕೈಯನ್ನೇ ನಾಶಮಾಡುವುದು. ಕಳ್ಳನಿಗೆ ಸಿಕ್ಕದಂತೆ ಮಾಡಿದ ಈ ಏರ್ಪಾಡು ಒಳ್ಳೆಯದೇ. ಆದರೆ ಅದಕ್ಕೆ ಕಳ್ಳನೂ ಒಂದೇ, ಮೊಮ್ಮಗನೂ ಒಂದೇ.

ಅಂಗಡಿಯಾತನಿಗೆ ಬೇಡವೆಂದು ಹೇಳಿ ಹಳೆಯದನ್ನು ಜೇಬಿಗಿಳಿಸಿದೆ. ಹಾಸ್ಟೆಲಿಗೆ ಬಂದು ಹಾಡುಗಳನ್ನು ಒಂದೊಂದಾಗಿ ಆ ಕೋಣೆಯಿಂದ ಹೊರಕ್ಕೆ ಕಳುಹಿಸಿ, ಮೆಮೊರಿ ಕಾರ್ಡಿಗೊಂದು, ಅಣ್ಣನಿಗೊಂದು ಪ್ರತಿ ಮಾಡಿದೆ. ಮಾರನೆಯ ವಾರ 650 ರೂಪಾಯಿಗೆ ಭೀಷ್ಮಾಚಾರ್ಯರಿಗೆ ಹೊಸ ಬ್ಯಾಟರಿ ಹಾಕಿಸಿದೆ.

ಅದು ಈಗ ಊರಿನಲ್ಲಿದೆ. ಒಮ್ಮೆ ಚಾರ್ಜು ಮಾಡಿದರೆ ಎರಡು ದಿನ ಬರುತ್ತದೆ. ತಾಯಿಯವರು ರೊಟ್ಟಿ ತಟ್ಟುವಾಗ ಅದನ್ನು ಗೋಡೆಯ ಗೂಡಿನಲ್ಲಿಟ್ಟು ಅಜ್ಜಿಯ ಹಾಡು ಹಾಕಿಕೊಳ್ಳುತ್ತಾರೆ. ಮೂರನೆಯ ಹಾಡಿನ ನಡುವೆ ನಮ್ಮ ಎಮ್ಮೆ ಕೂಗುತ್ತದೆ. ಅಜ್ಜಿ ಹಾಡು ನಿಲ್ಲಿಸಿ ಅದನ್ನು ಗದರಿಸಿ, ಮತ್ತೆ ಮೊದಲಿನಿಂದ ಹಾಡುತ್ತಾರೆ.