ಗೋಡೆ ಏರಿದವರು

1916ರ ಅಕ್ಟೋಬರ್‌ನಲ್ಲಿ ಹ್ಯಾರಿ ಗಾರ್ಡಿನರ್ ಎಂಬಾತ ಅಮೆರಿಕದ ಡೆಟ್ರಾಯಿಟ್ ನಗರದ ಹದಿನಾಲ್ಕು ಅಂತಸ್ತಿನ ಮೆಜೆಸ್ಟಿಕ್ ಕಟ್ಟಡವನ್ನು ಹೊರಗೋಡೆ ಹಿಡಿದೇ ಹತ್ತಿದ. ಸೊಂಟಕ್ಕೆ ಹಗ್ಗವಿಲ್ಲ, ಕೆಳಗೆ ಬಲೆಯಿಲ್ಲ. ನೋಡಲು ಇಡೀ ಬೀದಿ ಕಿಕ್ಕಿರಿದಿತ್ತು. ಎರಡು ವರ್ಷದ ನಂತರ ಕೆನಡಾದ ವ್ಯಾಂಕೂವರ್‌ನಲ್ಲಿ ಯುದ್ಧದ ಸಾಲಪತ್ರಗಳ ಪ್ರಚಾರಕ್ಕೆಂದು ಇನ್ನೂ ಎತ್ತರದ ವರ್ಲ್ಡ್ ಬಿಲ್ಡಿಂಗ್ ಏರಿದ. ಪತ್ರಿಕೆಗಳು ಇಂಥವರನ್ನು ‘ಮಾನವ ನೊಣ’ ಎಂದು ಕರೆಯುತ್ತಿದ್ದವು.

ಉಕ್ಕಿನ ಚೌಕಟ್ಟು ಬಂದ ಮೇಲೆ ಕಟ್ಟಡಗಳು ಎತ್ತರವಾದವು. ಮೈಮೇಲೆ ಮಾತ್ರ ಹಳೆಯ ಕಾಲದ ಕಲ್ಲುಕೆತ್ತನೆ, ಇಟ್ಟಿಗೆ ಸಂದು, ದಪ್ಪ ಕಿಟಕಿ ಅಂಚುಗಳು ಉಳಿದಿದ್ದವು. ಬೆರಳು ತೂರಿಸಲು, ಪಾದದ ತುದಿ ಊರಲು ಅವೇ ಆಧಾರ. ಚಿತ್ರದುರ್ಗದ ಕೋಟೆಗೋಡೆಯನ್ನು ಜ್ಯೋತಿರಾಜ್ ಬರಿಗೈಯಲ್ಲಿ ಏರುವುದನ್ನು ಕಂಡವರಿಗೆ ಈ ವಿದ್ಯೆಯ ಅಂದಾಜು ಸಿಕ್ಕೀತು. ಕಷ್ಟವೆಲ್ಲ ಕಾದಿರುತ್ತಿದ್ದುದು ತುದಿಯಲ್ಲಿ. ತಾರಸಿಯ ಕೆಳಗೆ ಕಲ್ಲಿನ ಅಂಚು ಸೂರಿನ ಹಾಗೆ ಹೊರಚಾಚಿರುತ್ತಿತ್ತು. ಅಷ್ಟು ಹೊತ್ತಿಗೆ ತೋಳು ಸೋತಿರುತ್ತದೆ. ಕಾಲಿಗೆ ಆಸರೆ ತಪ್ಪಿಸಿ, ಬೀದಿಯ ಮೇಲೆ ತೂಗುತ್ತಲೇ ಮೈಯನ್ನು ಮೇಲಕ್ಕೆಳೆದುಕೊಳ್ಳಬೇಕು.

ಜಾರ್ಜ್ ಪೋಲಿ ಈ ಸಾಹಸಕ್ಕೆ ನಟನೆಯನ್ನೂ ಬೆರೆಸಿದ. ಅರ್ಧ ದಾರಿಯಲ್ಲಿ ಬೇಕೆಂದೇ ಕೈಜಾರಿಸಿ, ಕೆಳಗಿನ ಕಿಟಕಿಯ ಅಂಚನ್ನು ಹಿಡಿದು ನಿಲ್ಲುತ್ತಿದ್ದ. ಜನ ಚೀರುತ್ತಿದ್ದರು. ಹತ್ತುವುದಕ್ಕಿಂತ ಈ ಹುಸಿ ಬೀಳುವಿಕೆಯೇ ದೊಡ್ಡ ಕಲೆ ಎಂದು ನನಗನಿಸುತ್ತದೆ. ಲೆಕ್ಕ ಒಂದು ಗೇಣು ತಪ್ಪಿದರೂ ಅದು ಹುಸಿಯಾಗಿ ಉಳಿಯುವುದಿಲ್ಲ. 1920ರಲ್ಲಿ ಆತ ನ್ಯೂಯಾರ್ಕಿನ 57 ಅಂತಸ್ತಿನ ವುಲ್‌ವರ್ತ್ ಕಟ್ಟಡಕ್ಕೆ ಕೈಹಾಕಿದಾಗ ಮೂವತ್ತನೇ ಅಂತಸ್ತಿನಲ್ಲಿ ಪೊಲೀಸರು ಹಿಡಿದರು.

ಇಂಥವರನ್ನು ದುಡಿಸಿಕೊಂಡವರು ಬಟ್ಟೆ ಅಂಗಡಿಯವರು, ಪತ್ರಿಕೆಯವರು, ಸಿನಿಮಾದವರು. ಅಪಾಯ ಮಾತ್ರ ಹತ್ತುವವನದು. 1923ರ ಮಾರ್ಚ್ 5ರಂದು ಹ್ಯಾರಿ ಯಂಗ್ ಎಂಬಾತ ‘ಸೇಫ್ಟಿ ಲಾಸ್ಟ್’ ಚಿತ್ರದ ಪ್ರಚಾರಕ್ಕಾಗಿ ನ್ಯೂಯಾರ್ಕಿನ ಮಾರ್ಟಿನೀಕ್ ಹೋಟೆಲಿನ ಗೋಡೆ ಹತ್ತುತ್ತ ಸಾವಿರಾರು ಜನರ ಕಣ್ಣೆದುರೇ ಬಿದ್ದು ಸತ್ತ. ಆಮೇಲೆ ನಗರಾಡಳಿತ ಇಂಥ ಪ್ರದರ್ಶನವನ್ನು ನಿಷೇಧಿಸಿತು. ಒಂದು ಜೀವ ಹೋದ ಮೇಲೆ ಬಂದ ಕಾನೂನು ಅದು.

ಗಡಿಯಾರದ ಮುಳ್ಳಿಗೆ ಜೋತುಬಿದ್ದ ನಟ ಹೆರಾಲ್ಡ್ ಲಾಯ್ಡ್‌ನ ದೃಶ್ಯ ಇರುವುದು ಅದೇ ಚಿತ್ರದಲ್ಲಿ. ಅದರ ಮೂಲ ಬಿಲ್ ಸ್ಟ್ರೋದರ್. ಲಾಸ್ ಏಂಜಲೀಸ್‌ನಲ್ಲಿ ಆತ ಕಟ್ಟಡ ಏರುವುದನ್ನು ಕಂಡ ಲಾಯ್ಡ್, ನೋಡಲಾಗದೆ ಬೀದಿಯ ತಿರುವಿನಲ್ಲಿ ಮರೆಯಾಗಿ, ಆಗಾಗ ಇಣುಕಿ ನೋಡಿದನಂತೆ. ಮುಂದೆ ಆತನಿಗೇ ಚಿತ್ರದಲ್ಲಿ ನಾಯಕನ ಗೆಳೆಯನ ಪಾತ್ರ ಕೊಟ್ಟ. ಚಿತ್ರೀಕರಣಕ್ಕೆ ಮುನ್ನ ಸ್ಟ್ರೋದರ್‌ನ ಕಾಲಿಗೆ ಪೆಟ್ಟಾಗಿತ್ತು, ಹಾಗಾಗಿ ಪಾತ್ರಕ್ಕೂ ಕುಂಟುನಡಿಗೆಯೇ ಬಂತು.

ಗೋಡೆಗಳ ಸಹವಾಸ ಬಿಟ್ಟ ಸ್ಟ್ರೋದರ್ 1940ರ ದಶಕದಲ್ಲಿ ರಿಚ್ಮಂಡ್ ನಗರದ ಮಿಲ್ಲರ್ ಅಂಡ್ ರೋಡ್ಸ್ ಮಳಿಗೆಯಲ್ಲಿ ಸಾಂತಾಕ್ಲಾಸ್ ಆದ. ಮಕ್ಕಳ ಮುಂದೆ ಚಿಮಣಿಯಿಂದ ಇಳಿದು ಬರುತ್ತಿದ್ದ.