ಎಲೆಯಿತ್ತು, ಹಣ್ಣಿರಲಿಲ್ಲ

ಸುವಾರ್ತೆಗಳಲ್ಲಿ ಯೇಸು ಶಪಿಸುವುದು ಒಂದೇ ಒಂದು ಮರವನ್ನು. ಪಸ್ಕಹಬ್ಬ ಹತ್ತಿರವಾಗಿತ್ತು. ಬೇಥಾನ್ಯದಿಂದ ಯೆರೂಸಲೇಮಿಗೆ ಹೊರಟಿದ್ದ, ಹಸಿದಿದ್ದ ಆತನಿಗೆ ದೂರದಲ್ಲಿ ಎಲೆ ತುಂಬಿದ ಅಂಜೂರದ ಮರ ಕಂಡಿತು. ಹತ್ತಿರ ಹೋದರೆ ಬರೀ ಎಲೆ. ಇನ್ನೆಂದೂ ಯಾರಿಗೂ ಅದರ ಹಣ್ಣು ಸಿಗದಿರಲೆಂದು ಶಪಿಸಿದ. ಮರುದಿನ ಬೆಳಿಗ್ಗೆ ಮರ ಬೇರಿನವರೆಗೆ ಒಣಗಿತ್ತು. ಇಷ್ಟು ಸಾಲದೆಂಬಂತೆ, ಅದು ಅಂಜೂರದ ಕಾಲವೇ ಆಗಿರಲಿಲ್ಲವೆಂದು ಸುವಾರ್ತೆಕಾರ ಮಾರ್ಕ ತಾನಾಗಿಯೇ ಹೇಳಿಬಿಡುತ್ತಾನೆ. 1927ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹಿಡಿದದ್ದು ಇದನ್ನೇ: ಕಾಲವಲ್ಲದ ಕಾಲದಲ್ಲಿ ಹಣ್ಣು ಬಿಡದ ಮರದ್ದೇನು ತಪ್ಪು?

ತೋಟದ ಕೆಲಸ ಬಲ್ಲವರ ಉತ್ತರವೊಂದಿದೆ. ಆ ಸೀಮೆಯ ಅಂಜೂರ ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ. ವಸಂತದಲ್ಲಿ ಚಿಗುರುವಾಗ ಹಿಂದಿನ ವರ್ಷದ ಕೊಂಬೆಗಳಲ್ಲಿ ಸಣ್ಣ ಕಾಯಿಗಳೂ ಮೂಡುತ್ತವೆ; ಮುಖ್ಯ ಫಸಲು ಬರುವುದು ಬೇಸಿಗೆಯ ಕೊನೆಗೆ. ಹಾಗಾಗಿ ಎಲೆ ತುಂಬಿಯೂ ಒಂದು ಕಾಯಿ ಇಲ್ಲದ ಮರ ಸುಳ್ಳು ಆಸೆ ಹುಟ್ಟಿಸಿದಂತೆ. ಮಾಹಿತಿ ಸರಿಯೇ, ಆದರೆ ರಸೆಲ್‌ಗೆ ಸಾಲದು. ಮರಕ್ಕೆ ಮೋಸ ಮಾಡಲು ಬರುವುದಿಲ್ಲವಲ್ಲ! ನಿಜವಾದ ಉತ್ತರ ಮಾರ್ಕ ಕಥೆ ಜೋಡಿಸಿದ ರೀತಿಯಲ್ಲಿದೆ. ಶಾಪ ಒಂದು ದಿನ, ಒಣಗಿದ ಮರ ಕಂಡದ್ದು ಮರುದಿನ. ನಡುವೆ ಯೇಸು ದೇವಾಲಯದ ಅಂಗಳದಲ್ಲಿ ಚಿನಿವಾರರ ಮೇಜುಗಳನ್ನು ಕೆಡವಿದ ಪ್ರಸಂಗ. ಮರದ ಕಥೆಯನ್ನು ಸೀಳಿ ದೇವಾಲಯವನ್ನು ಒಳಗಿಟ್ಟದ್ದು ಬೇಕೆಂದೇ. ಹೆರೋದ ರಾಜನು ವಿಸ್ತರಿಸಿದ ಆ ಕಟ್ಟಡದ ವೈಭವವೇ ದೂರಕ್ಕೆ ಕಾಣುವ ಎಲೆ. ಒಳಗೆ ಹುಡುಕಿದ ಪ್ರಾರ್ಥನೆ, ನ್ಯಾಯಗಳೇ ಸಿಗದ ಹಣ್ಣು. ಪ್ರವಾದಿಗಳಾದ ಯೆರೆಮೀಯ, ಮೀಕ ಇಬ್ಬರೂ ಜನರಲ್ಲಿ ನೀತಿ ಬತ್ತಿದ್ದನ್ನು ಹೇಳಲು ಅಂಜೂರ ಸಿಗದ ಚಿತ್ರವನ್ನೇ ಬಳಸಿದ್ದರು. ಅದೇ ಯೆರೆಮೀಯ ಹಿರಿಯರೆದುರು ಮಣ್ಣಿನ ಕೂಜೆಯೊಂದನ್ನು ಒಡೆದು, ಯೆರೂಸಲೇಮಿನ ಗತಿಯೂ ಇದೇ ಎಂದು ತೋರಿಸಿದ್ದ. ಕೂಜೆ ಮಾಡಿದ ತಪ್ಪೇನೆಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಒಣಗಿದ ಮರವೆಂದರೆ ದೇವರು ಕೈಬಿಟ್ಟ ಯೆಹೂದ್ಯ ಜನಾಂಗ ಎಂದು ಕ್ರೈಸ್ತರಲ್ಲೇ ಅನೇಕರು ಶತಮಾನಗಳ ಕಾಲ ಓದಿದರು, ಆ ಓದು ದ್ವೇಷಕ್ಕೂ ನೆಪವಾಯಿತು. ಮಾರ್ಕನ ಮುಂದಿನ ಅಧ್ಯಾಯವೇ ಇದಕ್ಕೆ ಅಡ್ಡ ಬರುತ್ತದೆ: ಅಲ್ಲಿನ ಸಾಮ್ಯದಲ್ಲಿ ದ್ರಾಕ್ಷಿ ತೋಟವನ್ನು ಯಾರೂ ಕಡಿಯುವುದಿಲ್ಲ, ದುಷ್ಟ ಗೇಣಿದಾರರ ಕೈಯಿಂದ ಬಿಡಿಸುತ್ತಾರಷ್ಟೆ. ಆ ಮಾತು ತಮ್ಮ ಮೇಲೆಯೇ ಎಂದು ದೇವಾಲಯದ ಮುಖ್ಯಸ್ಥರಿಗೆ ಅರ್ಥವಾಯಿತು. ಹೇಳಿದವನೂ ಕೇಳಿದವರೂ ಯೆಹೂದ್ಯರೇ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ನೆಲಸಮ ಮಾಡಿದ ಮೇಲೆ ಈ ಕಥೆ ತೀರ್ಪಿನಂತೆ ಕೇಳಿಸಿರಬಹುದು. ಹುಟ್ಟಿದ್ದು ಮಾತ್ರ ಎಚ್ಚರಿಕೆಯಾಗಿ. ಇನ್ನೊಬ್ಬ ಸುವಾರ್ತೆಕಾರ ಲೂಕನನ್ನು ನೋಡಿ. ಅವನಲ್ಲಿ ಶಾಪವೇ ಇಲ್ಲ, ಬದಲಿಗೆ ಒಂದು ಸಾಮ್ಯವಿದೆ. ಮೂರು ವರ್ಷ ಹಣ್ಣು ಕಾಣದ ಯಜಮಾನ ಅಂಜೂರವನ್ನು ಕಡಿಯಲು ಹೇಳುತ್ತಾನೆ; ಇನ್ನೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆಂದು ತೋಟದವನು ಬೇಡುತ್ತಾನೆ. ಯಜಮಾನ ಏನೆಂದನೋ, ಮರ ಹಣ್ಣು ಬಿಟ್ಟಿತೋ ಇಲ್ಲವೋ ಲೂಕ ಬರೆದಿಲ್ಲ.